‘ಸ್ಟೋರ್ಸ್’ ಎಂಬ ಮಾತೂ ಅಂಗಡಿಯ ಮಾನವೂ

ಕಾಕತಿಯಿಂದ ಬೆಳಗಾವಿಗೆ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಇಕ್ಕೆಲದ ನಾಮಫಲಕಗಳನ್ನು ಓದುತ್ತ ಹೋದರೆ ಒಂದೇ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುವದು. ಬೇಳೆ-ಬೆಲ್ಲ ಮಾರುವವನದು ‘ಕಿರಾಣಾ ಸ್ಟೋರ್ಸ್’, ಔಷಧ ಮಾರುವವನದು ‘ಮೆಡಿಕಲ್ ಸ್ಟೋರ್ಸ್’, ಸೀರೆ ಮಾರುವವನದು ‘ಸಾರಿ ಸ್ಟೋರ್ಸ್’, ಇವಾವುವೂ ಅಲ್ಲದವನದು ‘ಜನರಲ್ ಸ್ಟೋರ್ಸ್’. ಅಕ್ಷರಗಳು ಕನ್ನಡದವು, ಮಾತು ಮಾತ್ರ ಕನ್ನಡದ್ದಲ್ಲ. ಅಂಗಡಿಯ ಒಳಗೆ ಗಿರಾಕಿಯೂ ಅಂಗಡಿಕಾರನೂ ‘ಅಂಗಡಿ’ ಎಂದೇ ಮಾತಾಡುತ್ತಿರುವಾಗ ಹೊರಗಿನ ಹಲಗೆಯು ‘ಸ್ಟೋರ್ಸ್’ ಎಂದು ಸಾರುತ್ತಿರುವದು. ಇದು ಕ್ಷುಲ್ಲಕ ಸಂಗತಿಯೆಂದು ವಾಚಕರಲ್ಲಿ ಕೆಲವರಾದರೂ ಭಾವಿಸಬಹುದು. ನಾವು ಹಾಗೆ ಭಾವಿಸುವದಿಲ್ಲ.

ಮೊದಲು ಆ ಮಾತಿನ ಕುಲಗೋತ್ರಗಳನ್ನಾದರೂ ವಿಚಾರಿಸೋಣ. ‘ಸ್ಟೋರ್’ ಎಂಬುದು ಲ್ಯಾಟಿನ್ ಮೂಲದಿಂದ ಹಳೆಯ ಫ್ರೆಂಚಿನ ಮಾರ್ಗವಾಗಿ ಇಂಗ್ಲೀಷಿಗೆ ಬಂದ ಮಾತು. ಅಲ್ಲಿ ಅದರ ಮೊದಲ ಅರ್ಥವು ಅಂಗಡಿಯಲ್ಲ; ಮುಂದಿನ ಉಪಯೋಗಕ್ಕೆಂದು ಕೂಡಿಟ್ಟ ಸಂಗ್ರಹ. ಹಡಗಿನ ಸಾಮಗ್ರಿ, ದಂಡಿನ ದಾಸ್ತಾನು, ಇವೇ ‘ಸ್ಟೋರ್ಸ್’. ಇಂಗ್ಲಂಡದಲ್ಲಿ 1844ರಲ್ಲಿ ರಾಚ್‌ಡೇಲಿನ ನೇಕಾರರು ತಮ್ಮ ಸಹಕಾರಿ ಮಳಿಗೆಯನ್ನು ತೆರೆದ ಮೇಲೆ ಅಂಥ ಸಹಕಾರಿ ಮಳಿಗೆಗಳಿಗೂ ಆ ಹೆಸರು ಹತ್ತಿತು. ಎಲ್ಲ ಬಗೆಯ ಅಂಗಡಿಗೂ ‘ಸ್ಟೋರ್’ ಎನ್ನುವದು ಅಮೇರಿಕದವರ ರೂಢಿ. ಲಂಡನ್ನಿನ ಸಾಮಾನ್ಯ ಗಿರಾಕಿಯು ಇಂದಿಗೂ ಹೋಗುವದು ‘ಶಾಪ್’ಗೇ. ಅಂದ ಮೇಲೆ, ಒಂದು ಪಡಸಾಲೆಯ ಅಗಲದ ನಮ್ಮ ಕಿರಾಣಿ ಅಂಗಡಿಯ ನೆತ್ತಿಯ ಮೇಲೆ ‘ಸ್ಟೋರ್ಸ್’ ಎಂದು ಬಹುವಚನದಲ್ಲಿ ಬರೆಯಿಸುವದು ಯಾವ ದೇಶದ ಇಂಗ್ಲೀಷು? ನಾವು ಇಂಗ್ಲೀಷನ್ನೂ ಕಲಿಯಲಿಲ್ಲ, ಕನ್ನಡವನ್ನೂ ಉಳಿಸಿಕೊಳ್ಳಲಿಲ್ಲ. ಇತ್ತೀಚೆಗೆ ಕೈಯೊಳಗಿನ ಫೋನಿನಲ್ಲಿಯೂ ‘ಸ್ಟೋರ್’ ಬಂದು ಕುಳಿತಿರುವದು; ಅಲ್ಲಿ ಕಟ್ಟೆಯೂ ಇಲ್ಲ, ತಕ್ಕಡಿಯೂ ಇಲ್ಲ.

ಇನ್ನು ಆ ಮಾತಿಗೆ ನಮ್ಮಲ್ಲಿ ಶಬ್ದವಿಲ್ಲವೇ? ಒಂದಲ್ಲ, ಹತ್ತು ಇವೆ; ಹತ್ತಕ್ಕೂ ಹತ್ತು ಅರ್ಥ. ಕೊಡುಕೊಳ್ಳುವ ತಾಣವು ಅಂಗಡಿ. ಅದು ಇರುವ ಕಟ್ಟಡವು ಮಳಿಗೆ. ಸಾಲಂಗಡಿಗಳು ಕೂಡಿ ಪೇಟೆ. ವಾರಕ್ಕೊಮ್ಮೆ ಕೂಡುವದು ಸಂತೆ. ಮಠ-ಅರಮನೆಗಳ ಸಾಮಾನು ಇಡುವಲ್ಲಿ ಉಗ್ರಾಣ. ಕಾಳು ತುಂಬುವದಕ್ಕೆ ಕಣಜ. ನೆಲದೊಳಗೆ ತುಂಬಿದರೆ ಹಗೇವು. ಅರಳೆ, ಕಟ್ಟಿಗೆಗಳ ರಾಶಿಗೆ ವಖಾರಿ. ಬೆಲೆಯುಳ್ಳದ್ದನ್ನು ಕಾಪಾಡುವದಕ್ಕೆ ಭಂಡಾರ. ಪುಸ್ತಕಕ್ಕೂ ವಸ್ತ್ರಕ್ಕೂ ಈ ಮಾತು ಎಷ್ಟು ಚೆನ್ನಾಗಿ ಒಪ್ಪುವದೆಂಬುದನ್ನು ಹುಬ್ಬಳ್ಳಿಯ ‘ಸಾಹಿತ್ಯ ಭಂಡಾರ’ವು ತನ್ನ ಹೆಸರಿನಿಂದಲೇ ತೋರಿಸಿದೆ. ಇಷ್ಟೆಲ್ಲ ಭೇದಗಳನ್ನು ನಮ್ಮ ಹಿರಿಯರು ವ್ಯವಹಾರದಲ್ಲಿ ಸವೆಸಿ ಸವೆಸಿ ಸಿದ್ಧಪಡಿಸಿಟ್ಟಿರುವಾಗ ಅವನ್ನೆಲ್ಲ ಒಂದೇ ‘ಸ್ಟೋರ್ಸಿ’ನ ಹೊಟ್ಟೆಗೆ ಹಾಕುವದು ಬುದ್ಧಿವಂತಿಕೆಯಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ಅಂಗಡಿ ಎಂಬುದು ನಿನ್ನೆ ಮೊನ್ನೆಯ ಮಾತಲ್ಲ. ತಮಿಳಿನ ಶಿಲಪ್ಪದಿಗಾರದಲ್ಲಿ ಹಗಲಿನ ಪೇಟೆಗೂ ಇರುಳಿನ ಪೇಟೆಗೂ ‘ಅಂಗಾಡಿ’ ಎಂದೇ ಹೆಸರು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದಿಗೂ ಮೂಡಿಗೆರೆ ತಾಲೂಕಿನ ‘ಅಂಗಡಿ’ ಗ್ರಾಮ. ನಮ್ಮ ಬೆಳಗಾವಿ ಸೀಮೆಯಲ್ಲಂತೂ ಅದು ಮನೆತನಗಳ ಅಡ್ಡಹೆಸರೇ ಆಗಿರುವದು. ಬೆಳಗಾವಿಯ ವ್ಯಾಪಾರಕ್ಕೆ ಕನ್ನಡವು ಹೊಸತೂ ಅಲ್ಲ. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದಲ್ಲಿ, 1204ರಲ್ಲಿ, ವೇಣುಗ್ರಾಮವೆಂಬ ಈ ಪಟ್ಟಣದ ರಟ್ಟ ಜಿನಾಲಯಕ್ಕೆ ಕೊಟ್ಟ ದತ್ತಿಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ವರ್ತಕರು ತಮ್ಮ ಸರಕುಗಳ ಮೇಲೆ ಬಿಟ್ಟ ದತ್ತಿಯನ್ನೂ ಅಲ್ಲಿ ಕನ್ನಡದಲ್ಲಿಯೇ ಬರೆಯಿಸಿದರು. ಆ ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಮ್ಮ ಪೇಟೆಯ ಕನ್ನಡ ಕಲ್ಲು ಸಮುದ್ರ ದಾಟಿ ಹೋಯಿತು. ಅದರ ಬದಲಿಗೆ ನಮಗೆ ಬಂದದ್ದು ‘ಸ್ಟೋರ್ಸ್’. ಈ ವಿನಿಮಯದಲ್ಲಿ ಲಾಭ ಯಾರದೆಂಬುದನ್ನು ವ್ಯಾಪಾರಿಗಳೇ ಲೆಕ್ಕ ಹಾಕಲಿ.

ಕಾಕತಿಯವರಿಗೆ ನಾವು ಇನ್ನೊಂದು ಮಾತನ್ನು ಹೇಳಬೇಕಾಗಿದೆ. 1778ರಲ್ಲಿ ಇದೇ ಊರಿನ ದೇಸಾಯರ ಮನೆಯಲ್ಲಿ ಹುಟ್ಟಿದ ಚನ್ನಮ್ಮನು ಕಿತ್ತೂರಿನ ರಾಣಿಯಾದಳು. 1824ರಲ್ಲಿ ದತ್ತಕವನ್ನು ಒಪ್ಪದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಯಾವುದು? ಕಿತ್ತೂರಿನ ಭಂಡಾರಕ್ಕೆ ಮುದ್ರೆಯೊತ್ತಿ ಕಾವಲಿಟ್ಟದ್ದು. ಆ ಮುದ್ರೆಯನ್ನು ರಾಣಿಯು ಸಹಿಸಲಿಲ್ಲ. ಅಕ್ಟೋಬರ 23ರಂದು ಥ್ಯಾಕರೆಯು ರಣದಲ್ಲಿ ಬಿದ್ದನು. ಅಂದು ಪರರು ನಮ್ಮ ಭಂಡಾರಕ್ಕೆ ಮುದ್ರೆಯೊತ್ತಿದರು. ಇಂದು ‘ಭಂಡಾರ’ವೆಂಬ ಮಾತಿಗೆ ನಾವೇ ನಮ್ಮ ಕೈಯಾರೆ ಪರರ ಮುದ್ರೆಯೊತ್ತುತ್ತಿದ್ದೇವೆ, ಅದೂ ಚನ್ನಮ್ಮನ ತವರಿನಲ್ಲಿ!

ಸರಕಾರವು ಕಾಯಿದೆ ಮಾಡಿದೆಯಲ್ಲ ಎನ್ನುವವರುಂಟು. ಮಾಡಿದೆ, ನಿಜ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಪ್ರಕಾರ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಭಾಷೆಯಿರಬೇಕು, ಅದು ಮೇಲ್ಭಾಗದಲ್ಲಿರಬೇಕು. ಕಾಯಿದೆಯು ಕೇಳುವದು ಕನ್ನಡ ಭಾಷೆಯನ್ನು. ನಮ್ಮ ಹಲಗೆಗಳು ಕೊಡುವದು ಕನ್ನಡ ಲಿಪಿಯನ್ನು. ‘ಫ್ಯಾಶನ್ ಸ್ಟೋರ್ಸ್’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಯಿಸಿದವನು ಮೊಳಕೋಲಿನ ಪರೀಕ್ಷೆಯಲ್ಲಿ ಪಾಸಾಗುವನು. ಕನ್ನಡದ ಪರೀಕ್ಷೆಯಲ್ಲಿ ಅಲ್ಲ. ಅದೇ ಸರಕಾರವು ತನ್ನ ಪಡಿತರದ ಅಂಗಡಿಗೆ ‘ನ್ಯಾಯಬೆಲೆ ಅಂಗಡಿ’ ಎಂದೂ, ತನ್ನ ದಾಸ್ತಾನಿನ ಸಂಸ್ಥೆಗೆ ‘ಉಗ್ರಾಣ ನಿಗಮ’ ಎಂದೂ ಹೆಸರಿಟ್ಟಿದೆ. ಅವುಗಳ ಅರ್ಥವಾಗದೆ ಅಕ್ಕಿ ತರದೆ ಮರಳಿದವರು ಯಾರಾದರೂ ಇರುವರೇ?

ಇನ್ನು ಕೆಲವು ಪಂಡಿತರು, ‘ಕಿರಾಣಿ, ದುಕಾನ, ಬಜಾರ ಇವೂ ಪರಭಾಷೆಯವಲ್ಲವೇ?’ ಎಂದು ಕೇಳುವರು. ಹೌದು. ಅವನ್ನು ಹೊರಗಟ್ಟಿರೆಂದು ನಾವು ಹೇಳುವದಿಲ್ಲ. ಅವು ಬಂದು ನಮ್ಮ ನಾಲಿಗೆಯಲ್ಲಿ ಮಿದುವಾಗಿ ನಮ್ಮ ವಿಭಕ್ತಿಗಳನ್ನು ತೊಟ್ಟು ಅಂಗಡಿಯ ಮಗ್ಗುಲಿಗೆ ಕುಳಿತವು, ಅಂಗಡಿಯನ್ನು ಎಬ್ಬಿಸಲಿಲ್ಲ. ರೇಲು, ಬಸ್ಸುಗಳು ಹೊಸ ವಸ್ತುವಿನೊಡನೆ ಬಂದ ಹೊಸ ಹೆಸರುಗಳು; ಅವಕ್ಕೂ ನಮ್ಮ ಸ್ವಾಗತವುಂಟು. ‘ಸ್ಟೋರ್ಸ್’ ಯಾವ ಹೊಸ ವಸ್ತುವನ್ನು ತಂದಿತು? ಅದು ತಂದದ್ದು ದೊಡ್ಡಸ್ತಿಕೆಯ ಭ್ರಮೆಯೊಂದನ್ನೇ. ಅಂಗಡಿಯೆಂದರೆ ಹಳ್ಳಿಗರದು, ಸ್ಟೋರ್ಸೆಂದರೆ ಸುಧಾರಿಸಿದವರದು ಎಂಬ ಈ ಹೀನಭಾವನೆಯ ಮೇಲೆಯೇ ನಮ್ಮ ಕೋಪ, ಇಂಗ್ಲೀಷಿನ ಮೇಲಲ್ಲ. ಮರಾಠಿ ಬಾಂಧವರ ಮೇಲೆ ಅಂತೂ ಖಂಡಿತ ಅಲ್ಲ. ಅವರ ‘ಭಾಂಡಾರ’ವೂ ನಮ್ಮ ‘ಭಂಡಾರ’ವೂ ಅಕ್ಕತಂಗಿಯರು. ಅವರ ಮಾತನ್ನೂ ಇದೇ ‘ಸ್ಟೋರ್ಸ್’ ನುಂಗುತ್ತಿರುವದು.

ಗಡಿಯ ಊರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ನೆರೆದ ಇದೇ ಬೆಳಗಾವಿಯಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ಕೂಡಿತು. 1956ರ ನವೆಂಬರ 1ರಂದು ನಾಡು ಒಂದಾಯಿತು. 1967ರ ಮಹಾಜನ ವರದಿಯು ಬೆಳಗಾವಿ ನಗರವು ನಮ್ಮಲ್ಲಿಯೇ ಇರತಕ್ಕದ್ದೆಂದಿತು. ಖಾನಾಪುರವನ್ನು ಮಾತ್ರ ಆಚೆಗೆ ಸೂಚಿಸಿತು. ಭೂಮಿಯನ್ನು ವರದಿಗಳೂ ನ್ಯಾಯಾಲಯಗಳೂ ಹಂಚಬಲ್ಲವು. ಆದರೆ ಒಂದು ಊರು ಯಾವ ಭಾಷೆಯದೆಂಬುದು ದಿನಕ್ಕೆ ನೂರು ಸಲ ಅಂಗಡಿಯ ಕಟ್ಟೆಯ ಮೇಲೆಯೇ ನಿರ್ಣಯವಾಗುವದು. ಭಾಷೆಯು ಕವಿಸಮ್ಮೇಲನದಲ್ಲಿ ಮೆರೆದು ಪೇಟೆಯಲ್ಲಿ ನಾಚಿಕೊಂಡರೆ ಅದು ಅಕಾಲದಲ್ಲಿ ಮುಪ್ಪಾಗುವದು. ಶಾಲೆಯ ಹುಡುಗನು ಪುಸ್ತಕದಲ್ಲಿ ‘ಅಂಗಡಿ’ಯನ್ನು ಓದಿ, ಬೀದಿಯಲ್ಲಿ ಅದೆಲ್ಲಿಯೂ ಬರೆದದ್ದನ್ನು ಕಾಣದಿದ್ದರೆ, ಕನ್ನಡವು ಪುಸ್ತಕಕ್ಕೆ ಮಾತ್ರವೆಂಬ ಪಾಠವನ್ನೇ ಅವನು ಕಲಿಯುವನು.

ಆದ್ದರಿಂದ ನಮ್ಮ ಬೇಡಿಕೆಯು ಸಣ್ಣದು, ಖರ್ಚೂ ಸಣ್ಣದು. ಹಲಗೆಗಳನ್ನು ಯಾರೂ ಕೀಳಬೇಕಾಗಿಲ್ಲ, ಮಸಿ ಬಳಿಯಬೇಕಾಗಿಲ್ಲ. ಮಸಿಯಿಂದ ಭಾಷೆ ಬೆಳೆದ ಉದಾಹರಣೆಯನ್ನು ನಾವು ಕಂಡಿಲ್ಲ. ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ವ್ಯಾಪಾರಸ್ಥರು ಅಂದೇ ಹಳೆಯ ಹಲಗೆಗೆ ಹೊಸ ಬಣ್ಣ ಕೊಡಿಸುವಾಗ ‘ಸ್ಟೋರ್ಸ್’ ಅಳಿಸಿ ‘ಅಂಗಡಿ’ ಎಂದೋ ‘ಭಂಡಾರ’ ಎಂದೋ ‘ಮಳಿಗೆ’ ಎಂದೋ ಬರೆಯಿಸಲಿ. ಶಿಕ್ಷಕರು ತಮ್ಮ ಹುಡುಗರಿಂದ ಊರ ನಾಮಫಲಕಗಳ ಪಟ್ಟಿ ಮಾಡಿಸಿ, ಪ್ರತಿಯೊಂದಕ್ಕೂ ಒಪ್ಪುವ ಕನ್ನಡ ಹೆಸರನ್ನು ಹುಡುಕಿಸಲಿ. ವ್ಯಾಕರಣದ ಹತ್ತು ಪಾಠಗಳಿಗಿಂತ ಅದು ಮೇಲು. ಈ ಕೆಲಸವು ಕಾಕತಿಯಿಂದಲೇ ಮೊದಲಾಗಲಿ. ಕಿತ್ತೂರಿನ ಭಂಡಾರವನ್ನು ಕಾಯಲು ನಿಂತ ರಾಣಿಯ ತವರಿನವರಿಗೆ ತಮ್ಮ ಮಾತಿನ ಭಂಡಾರವನ್ನು ಕಾಯುವದು ಭಾರವಾಗಲಾರದು.