ಸಾಹಸವೂ ಋಣವೂ

ಯುದ್ಧಕಾಲದಲ್ಲಿ ಸೈನ್ಯದ ಸೇವೆಯಲ್ಲಿದ್ದವನೊಬ್ಬನು ಶತ್ರುವಿನ ಗುಂಡಿಗೆ ಬಲಿಯಾಗದೆ ಶಿಬಿರದ ಆಸ್ಪತ್ರೆಯಲ್ಲಿ ಜ್ವರದಿಂದ ನರಳಿ ಪ್ರಾಣಬಿಟ್ಟರೆ, ಅವನ ಮರಣಕ್ಕೂ ರಣರಂಗದಲ್ಲಿ ಬಿದ್ದವನ ಮರಣಕ್ಕೂ ಸಮಾನವಾದ ಗೌರವ ಸಲ್ಲಬೇಕೆ ಎಂಬ ಪ್ರಶ್ನೆಗೆ ಲೋಕರೂಢಿಯು ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರ ‘ಇಲ್ಲ’ ಎಂಬುದೇ. ನಮ್ಮ ವೀರಗಲ್ಲುಗಳೂ ಸಾಮಾನ್ಯವಾಗಿ ಕಾದಿ ಸತ್ತವರನ್ನೇ ನೆನೆಯುತ್ತವೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಗೂ ಶಿಲೆಯ ಗೌರವ ಸಂದುದನ್ನು ಹತ್ತನೆಯ ಶತಮಾನದ ಆತಕೂರು ಶಾಸನ ಸಾರುತ್ತದೆ. ಪಾಳೆಯದಲ್ಲಿ ಬೇನೆಬಿದ್ದು ಸತ್ತ ಭಟನಿಗೆ ಆ ಭಾಗ್ಯ ಅಪೂರ್ವ. ಈ ರೂಢಿಯನ್ನು ಪರೀಕ್ಷಿಸಬೇಕಾದರೆ ನಮ್ಮ ವಾದಕ್ಕೆ ಅತ್ಯಂತ ಕಠಿನವಾದ ಉದಾಹರಣೆಯನ್ನೇ ಆರಿಸಿಕೊಳ್ಳುವುದು ನ್ಯಾಯ: ಬಂದೂಕನ್ನು ಹಿಡಿಯದೆ ಇಕ್ಕಳವನ್ನು ಹಿಡಿದು ಸೈನಿಕರ ಹಲ್ಲುಗಳನ್ನು ನೋಡಿಕೊಳ್ಳುತ್ತಿದ್ದು, ಕಡೆಗೆ ರೋಗದಿಂದಲೇ ತೀರಿಕೊಂಡ ಸೇನಾದಂತವೈದ್ಯನದು, ಇಲ್ಲವೆ ಅವನ ಸಹಾಯಕನದು.

ಹಲ್ಲಿಗೂ ಯುದ್ಧಕ್ಕೂ ಏನು ಸಂಬಂಧವೆಂದು ನಗುವವರುಂಟು. ಆದರೆ ತೋಟಾಗಳು ಕಾಗದದವಾಗಿದ್ದ ಕಾಲದಲ್ಲಿ ಅವುಗಳ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದೇ ಬಂದೂಕಿಗೆ ಮದ್ದನ್ನು ತುಂಬಬೇಕಾಗಿತ್ತು. 1857ರ ದಂಗೆಗೆ ಕಿಡಿಯಾದ ತೋಟಾ ಅಂತಹುದೇ. ಮುಂದೆ ತೋಟಾ ಲೋಹದ್ದಾಯಿತಾದರೂ ದಂಡಿನ ಬಿಸ್ಕತ್ತು ಮೆತ್ತಗಾಗಲಿಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ, ಹಲ್ಲು ಕೆಟ್ಟು ಆಹಾರವನ್ನು ಅಗಿಯಲಾರದೆ ಕೆಲಸಕ್ಕೆ ಬಾರದವರಾದ ಬ್ರಿಟಿಷ್ ಸೈನಿಕರು ಬಹುಸಂಖ್ಯೆಯಲ್ಲಿದ್ದರು. ಇಷ್ಟಾದರೂ 1914ರಲ್ಲಿ ಫ್ರಾನ್ಸಿಗೆ ಹೊರಟ ಬ್ರಿಟಿಷ್ ಸೇನೆಯೊಡನೆ ಒಬ್ಬ ದಂತವೈದ್ಯನೂ ಇರಲಿಲ್ಲ. ಏಸ್ನ್ ಕದನದ ಕಾಲದಲ್ಲಿ ಸೇನಾನಿ ಡಗ್ಲಾಸ್ ಹೇಗ್‌ಗೆ ಹಲ್ಲುನೋವು ಬಾಧಿಸಿದಾಗ ಪ್ಯಾರಿಸಿನಿಂದ ವೈದ್ಯನೊಬ್ಬನನ್ನು ಕರೆಸಿಕೊಳ್ಳಬೇಕಾಯಿತೆಂಬುದು ಪ್ರಸಿದ್ಧವಾಗಿದೆ. ಅಮೆರಿಕದ ಸೇನೆ 1911ರಲ್ಲಿಯೂ, ಕೆನಡ ಮತ್ತು ನ್ಯೂಜಿಲೆಂಡ್ ಸೇನೆಗಳು 1915ರಲ್ಲಿಯೂ ಪ್ರತ್ಯೇಕ ದಂತವೈದ್ಯದಳಗಳನ್ನು ಸ್ಥಾಪಿಸಿಕೊಂಡವು. ಬ್ರಿಟನ್ನಿಗೆ ಆ ವಿವೇಕ ಉದಿಸಿದ್ದು ಯುದ್ಧ ಮುಗಿದ ಮೇಲೆ, 1921ರಲ್ಲಿ. ಕಂದಕಗಳಲ್ಲಿ ವಸಡು ಹುಣ್ಣಾಗಿ ಕೊಳೆಯುತ್ತಿದ್ದ ರೋಗಕ್ಕೆ ಚಿಕಿತ್ಸೆ ಮಾಡಿದವರು ದಂತವೈದ್ಯರೇ. ಸಿಡ್‌ಕಪ್ಪಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಹೆರಲ್ಡ್ ಗಿಲ್ಲೀಸ್‌ನು ಸಿಡಿಗುಂಡಿಗೆ ಛಿದ್ರವಾದ ಮುಖಗಳನ್ನು ಮರಳಿ ರೂಪಿಸುತ್ತಿದ್ದಾಗ ಮುರಿದ ದವಡೆಯನ್ನು ಕೂಡಿಸಿ ನಿಲ್ಲಿಸುವ ಭಾರವನ್ನು ಹೊತ್ತವರೂ ಇವರೇ. ಆದುದರಿಂದ ಸೇವೆಯ ಉಪಯುಕ್ತತೆಯ ವಿಷಯದಲ್ಲಿ ವಿವಾದಕ್ಕೆ ಅವಕಾಶವಿಲ್ಲ.

ವಿವಾದವಿರುವುದು ಮರಣದ ವಿಷಯದಲ್ಲಿ. ಪ್ರತಿವಾದಿಯು ಹೀಗೆ ಕೇಳಬಹುದು: 1918ರ ಇನ್‌ಫ್ಲುಯೆಂಜಾ ಶಿಬಿರದಲ್ಲಿದ್ದವರನ್ನು ಮಾತ್ರವೇ ಕೊಂಡೊಯ್ಯಿತೆ? ಮನೆಯಲ್ಲಿದ್ದ ವರ್ತಕನನ್ನೂ ಹೊಲದಲ್ಲಿದ್ದ ರೈತನನ್ನೂ ಅದು ಬಿಡಲಿಲ್ಲವಷ್ಟೆ. ಅದೇ ರೋಗದಿಂದ ಸತ್ತವನು ಸಮವಸ್ತ್ರವನ್ನು ತೊಟ್ಟಿದ್ದನೆಂಬ ಮಾತ್ರಕ್ಕೆ ಹುತಾತ್ಮನಾಗುವುದು ಹೇಗೆ? ಈ ಆಕ್ಷೇಪಣೆ ತೂಕವುಳ್ಳದ್ದು. ಆದರೂ ಅದು ಒಂದು ಸಂಗತಿಯನ್ನು ಮರೆಯುತ್ತದೆ. ಸಾವಿರಾರು ತರುಣರನ್ನು ಒಂದೇ ಬ್ಯಾರಕ್ಕಿನಲ್ಲಿ, ಒಂದೇ ಹಡಗಿನ ಒಡಲಿನಲ್ಲಿ, ಒಬ್ಬರ ಉಸಿರು ಮತ್ತೊಬ್ಬರಿಗೆ ತಗುಲುವಂತೆ ತುಂಬಿದುದು ಯುದ್ಧವೇ ಹೊರತು ವಿಧಿಯಲ್ಲ. ಬೋಯರ್ ಯುದ್ಧದಲ್ಲಿ ಸತ್ತ ಸುಮಾರು 22,000 ಬ್ರಿಟಿಷ್ ಪಕ್ಷದ ಸೈನಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿಷಮಶೀತಜ್ವರವೇ ಮೊದಲಾದ ರೋಗಗಳಿಗೆ ತುತ್ತಾದವರು; ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಪಡೆಗಳಿಂದ ಕದನದಲ್ಲಿ ಮಡಿದವರು ಸುಮಾರು 53,000 ಮಂದಿಯಾದರೆ, ಬಹುಮಟ್ಟಿಗೆ ರೋಗದಿಂದ, ಕದನದ ಹೊರಗೆ ಅಳಿದವರು ಸುಮಾರು 63,000. ದಂತವೈದ್ಯನ ಕಸುಬಾದರೋ ರೋಗಿಯ ತೆರೆದ ಬಾಯಿಗೆ ಗೇಣುದೂರದಲ್ಲಿ ತನ್ನ ಮುಖವನ್ನಿಟ್ಟು ದಿನವಿಡೀ ಮಾಡುವಂತಹುದು. ಉಸಿರಿನಿಂದ ಹರಡುವ ವ್ಯಾಧಿ ಶಿಬಿರವನ್ನು ಹೊಕ್ಕಾಗ, ಕಾವಲುಗಾರನು ದೂರ ನಿಲ್ಲಬಹುದಾಗಿದ್ದರೂ ಇವನು ನಿಲ್ಲುವಂತಿರಲಿಲ್ಲ.

ಪ್ರತಿವಾದಿಯ ಕೈಯಲ್ಲಿ ಇನ್ನೊಂದು ಅಸ್ತ್ರ ಉಳಿದಿದೆ: ರಣದಲ್ಲಿ ಸತ್ತವನು ಮೃತ್ಯುವನ್ನು ಬಲ್ಲವನಾಗಿ ಎದುರಿಸಿದನು, ಹಾಸಿಗೆಯಲ್ಲಿ ಸತ್ತವನು ಹಾಗೆ ಎದುರಿಸಲಿಲ್ಲ ಎಂಬುದು. ಆದರೆ ಕಂದಕದಲ್ಲಿ ನಿದ್ರಿಸುತ್ತಿದ್ದವನ ಮೇಲೆ ಮೈಲಿಗಳಾಚೆಯ ಫಿರಂಗಿಯ ಗುಂಡು ಬಂದೆರಗಿದಾಗ ಅವನು ಏನನ್ನು ಎದುರಿಸಿದನು? ಅವನ ಧೈರ್ಯ ಪ್ರಕಟವಾದುದು ಸತ್ತ ಗಳಿಗೆಯಲ್ಲಿ ಅಲ್ಲ, ಅಪಾಯದ ಎಡೆಯಲ್ಲಿ ನಿಲ್ಲಲೊಪ್ಪಿದ ಗಳಿಗೆಯಲ್ಲಿ. ಆ ಒಪ್ಪಿಗೆಯನ್ನು ದಂತವೈದ್ಯನೂ ಕೊಟ್ಟಿದ್ದನು. ಹಾಗೆಂದು ಎಲ್ಲ ಮರಣಗಳೂ ಒಂದೇ ಎನ್ನುವುದು ಅತಿವಾದವಾದೀತು. 1918ರ ಜೂನ್ 6ರಂದು ಫ್ರಾನ್ಸಿನ ಬೂರೇಶ್ ಗ್ರಾಮದ ಬಳಿ ಗಾಯಗೊಂಡ ಅಧಿಕಾರಿಯೊಬ್ಬನನ್ನು ಹೊತ್ತು ಸಾಗಿಸುತ್ತಿದ್ದಾಗ ಹತನಾದ ಅಮೆರಿಕದ ನೌಕಾದಳದ ದಂತವೈದ್ಯ ವೀಡನ್ ಆಸ್‌ಬೋರ್ನ್‌ನಿಗೆ ಮರಣೋತ್ತರವಾಗಿ ಆ ದೇಶದ ಪರಮೋಚ್ಚ ಶೌರ್ಯಪದಕ ಸಂದುದು ಸರ್ವಥಾ ಉಚಿತವೇ. ಪದಕವು ಅಳೆಯುವುದು ಸಾಹಸವನ್ನು, ಸಾಹಸಗಳಲ್ಲಿ ತಾರತಮ್ಯವುಂಟು. ಆದರೆ ಸ್ಮಾರಕವು ಅಳೆಯುವುದು ಸಮಾಜದ ಋಣವನ್ನು. ತನಗಾಗಿ ಹೊರಟವನು ಮರಳಿ ಬಾರದೆ ಹೋದನೆಂಬುದರಿಂದಲೇ ಆ ಋಣ ಪೂರ್ಣವಾಗುತ್ತದೆ, ಅವನು ಯಾವುದರಿಂದ ಸತ್ತನೆಂಬುದರಿಂದಲ್ಲ. ಈ ಎರಡನ್ನೂ ಬೆರಸಿಬಿಟ್ಟುದೇ ಲೋಕರೂಢಿಯ ದೋಷ.

ಈ ವಿವೇಚನೆಯು ಬರಿಯ ತರ್ಕವಾಗಿ ಉಳಿದಿಲ್ಲ. 1917ರಲ್ಲಿ ಸ್ಥಾಪಿತವಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗವು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಸೇವೆಯಲ್ಲಿದ್ದು ಮಡಿದವರನ್ನು, ಗುಂಡಿನಿಂದ ಸತ್ತರೋ ರೋಗದಿಂದ ಸತ್ತರೋ ಎಂದು ಬೇರ್ಪಡಿಸದೆ, ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಸೇನಾನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲೆಂಬ ನಿಯಮವನ್ನೂ ಮಾಡಿತು. ಸಮಾಧಿಗಳಿಗೆ ಒಪ್ಪಿಗೆಯಾದ ಈ ನ್ಯಾಯ ನಮ್ಮ ಚರಿತ್ರೆಯ ಪುಸ್ತಕಗಳಿಗೂ ಸ್ಮರಣೋತ್ಸವದ ಭಾಷಣಗಳಿಗೂ ಇನ್ನೂ ಒಪ್ಪಿಗೆಯಾಗಬೇಕಾಗಿದೆ. ಯುದ್ಧದಲ್ಲಿ ಮಡಿದವರ ಲೆಕ್ಕವನ್ನು ಬರೆಯುವವರು ಇನ್ನು ಮುಂದೆ ಜ್ವರದಿಂದ ಅಳಿದವರನ್ನು ಅಡಿಟಿಪ್ಪಣಿಗೆ ತಳ್ಳದೆ ಅದೇ ಪಂಕ್ತಿಯಲ್ಲಿ ಬರೆಯಲಿ.