ಕಚ್ಚುವ ನೊಣ, ಕಚ್ಚದ ನೊಣ

ಮಳೆ ಹಿಡಿದಾಗ ಮನೆಯ ನೊಣವೂ ಕಚ್ಚುತ್ತದೆಂಬ ಮಾತನ್ನು ನಾವು ಬಾಲ್ಯದಿಂದ ಕೇಳಿದ್ದೆವು, ಬಹುಕಾಲ ನಂಬಿಯೂ ಇದ್ದೆವು. ವಾಸ್ತವದಲ್ಲಿ ಮನೆನೊಣಕ್ಕೆ ಕಚ್ಚುವ ಶಕ್ತಿಯೇ ಇಲ್ಲ. ಅದರ ಬಾಯಿ ದ್ರವವನ್ನು ಒರೆಸಿ ಹೀರುವ ಮೆತ್ತನೆಯ ಸ್ಪಂಜಿನಂತಹುದು. ಹಾಲು ಕರೆಯಲು ಕುಳಿತವರ ಕಣಕಾಲನ್ನು ಸೂಜಿಯಂತೆ ಚುಚ್ಚುವುದು ಅದನ್ನೇ ಹೋಲುವ ಇನ್ನೊಂದು ಜಾತಿ, ಕೊಟ್ಟಿಗೆಯ ನೊಣ. ಸ್ವೀಡನ್ ದೇಶದ ವಿದ್ವಾಂಸ ಲಿನೇಯಸನು 1758ರಲ್ಲಿಯೇ ಇವೆರಡನ್ನು ಬೇರೆ ಬೇರೆಯಾಗಿ ಹೆಸರಿಸಿದ್ದನು. ಕೊಟ್ಟಿಗೆಯ ನೊಣದ ತಲೆಯಿಂದ ಗಟ್ಟಿಯಾದ ಸೊಂಡಿಲು ಮುಂದಕ್ಕೆ ಚಾಚಿರುತ್ತದೆ. ಸೊಳ್ಳೆಗಳಲ್ಲಿ ಹೆಣ್ಣು ಮಾತ್ರ ರಕ್ತ ಹೀರುತ್ತದೆ. ಇದರಲ್ಲಿ ಗಂಡೂ ಹೀರುತ್ತದೆ.

ಹಾಗಾದರೆ ಕಚ್ಚದ ನೊಣವು ಸಾಧುವೇ? ಮಲದ ಮೇಲೆ ಕುಳಿತ ಕಾಲಿನಿಂದಲೇ ಅದು ಅನ್ನದ ಮೇಲೆ ಬಂದು ಕುಳಿತು, ನುಂಗಿದ್ದನ್ನು ಅಲ್ಲಿಯೇ ಕಕ್ಕುತ್ತದೆ. ಆಮಶಂಕೆ, ವಿಷಮಶೀತಜ್ವರಗಳ ರೋಗಾಣುಗಳು ಹಸುಳೆಯ ಹಾಲಿನ ಬಟ್ಟಲನ್ನು ಸೇರುವ ದಾರಿಗಳಲ್ಲಿ ಇದೂ ಒಂದು. ಕಚ್ಚುವುದನ್ನು ಬಡಿದಟ್ಟುವ ನಾವು ಇದನ್ನು ಊಟದ ತಟ್ಟೆಯ ಅಂಚಿನಲ್ಲಿ ಸಹಿಸಿಕೊಳ್ಳುತ್ತೇವೆ!

ಮನೆನೊಣವು ಹಸಿ ಸಗಣಿಯಲ್ಲಿ, ಕೊಳೆತ ಕಸದಲ್ಲಿ ಮೊಟ್ಟೆಯಿಡುತ್ತದೆ. ಸೆಕೆಗಾಲದಲ್ಲಿ ಸುಮಾರು 10 ದಿನಗಳಲ್ಲಿ ಆ ಮೊಟ್ಟೆಯೇ ಹಾರುವ ನೊಣವಾಗುತ್ತದೆ. ಕೊಟ್ಟಿಗೆಯ ನೊಣಕ್ಕೆ ಗಂಜಳದಲ್ಲಿ ನೆನೆದು ಕೊಳೆತ ಹುಲ್ಲು ಪ್ರಿಯ. ಅದು ಬೆಳೆಯಲು ಇನ್ನೂ ಹೆಚ್ಚು ದಿನ ಬೇಕು. ಆದುದರಿಂದ ಕಸವನ್ನೂ ಸಗಣಿಯನ್ನೂ ವಾರದೊಳಗೆ ದೂರ ಸಾಗಿಸಬೇಕು. ಗೋದಲಿಯ ಬುಡದ ಹುಲ್ಲನ್ನೂ ಕೆದಕಿ ಒಣಗಿಸಬೇಕು.