ಬ್ಯಾಂಕಿನ ಮೇಜಿನ ಆಚೆ ಕಡೆ



ನಾವು ಬ್ಯಾಂಕನ್ನು ಕಂಡಿರುವುದು ಮೇಜಿನ ಈಚೆ ಕಡೆಯಿಂದ. ಕೈಯಲ್ಲಿ ಪಹಣಿ, ಆಧಾರ್, ಎರಡು ಫೋಟೋ ಹಿಡಿದುಕೊಂಡು, ಟವಲ್ ಹೆಗಲಿಂದ ಕೆಳಗಿಳಿಸಿ, ಸಾಹೇಬರು ತಲೆ ಎತ್ತಲಿ ಎಂದು ಕಾದು ನಿಂತವರು ನಾವು. ಮೇಜಿನ ಆಚೆ ಕಡೆ ಏನು ನಡೆಯುತ್ತದೆ ಎಂಬುದು ನಮಗೆ ತಿಳಿಯದು. ತಿಳಿಸುವವರೂ ಇರಲಿಲ್ಲ. 2025ರ ಬೇಸಿಗೆಯಲ್ಲಿ ನಮ್ಮ ಮನೆಯ ಒಂದು ಹುಡುಗಿ ಎಂಟು ವಾರ ಆ ಕಡೆ ಕೂತು ಬಂದಳು. ಅವಳು ಕಂಡದ್ದನ್ನು ಅವಳನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ನನ್ನ ಅಣ್ಣನ ಮಗಳು. ಬಿ.ಎಸ್ಸಿ. ಕೃಷಿ ಮುಗಿಸಿ ಈಗ ಬೆಂಗಳೂರಿನಲ್ಲಿ ಎಂ.ಬಿ.ಎ. ಓದುತ್ತಾಳೆ. ಆ ಓದಿನ ನಡುವೆ ಬೇಸಿಗೆ ರಜದಲ್ಲಿ ಯಾವುದಾದರೂ ಕಂಪನಿಯಲ್ಲಿ ಕೆಲಸ ಕಲಿಯಬೇಕಂತೆ. ಅದಕ್ಕೆ ಇಂಟರ್ನ್‌ಶಿಪ್ ಅಂತಾರೆ. ಇವಳಿಗೆ ದೊಡ್ಡದೊಂದು ಬ್ಯಾಂಕಿನ ಕೃಷಿ ಸಾಲ ವಿಭಾಗದಲ್ಲಿ ಸಿಕ್ಕಿತು. ಬ್ಯಾಂಕಿನ ಹೆಸರು ಬರೆಯುವುದಿಲ್ಲ. ತಪ್ಪು ಒಂದು ಬ್ಯಾಂಕಿನದಲ್ಲ, ಹೆಸರು ಹಾಕಿದರೆ ಉಳಿದವರೆಲ್ಲ ಒಳ್ಳೆಯವರು ಎಂದ ಹಾಗಾಗುತ್ತದೆ.

ಮೊದಲ ಎರಡು ವಾರ ಬೆಂಗಳೂರಿನ ದೊಡ್ಡ ಕಚೇರಿಯಲ್ಲಿ. ಗಾಜಿನ ಕಟ್ಟಡ, ಕತ್ತಿಗೆ ಹಾಕುವ ಕಾರ್ಡು, ಮೇ ತಿಂಗಳಲ್ಲೂ ಚಳಿ. ದಿನವಿಡೀ ಪರದೆಯ ಮೇಲೆ ಪಾಠ. ‘ಚಿಕ್ಕಪ್ಪ, ಎರಡು ವಾರದಲ್ಲಿ ರೈತ ಅನ್ನೋ ಮಾತೇ ನಾನು ಕೇಳಲಿಲ್ಲ. ಸೆಗ್ಮೆಂಟ್ ಅಂತಾರೆ, ಪೋರ್ಟ್‌ಫೋಲಿಯೋ ಅಂತಾರೆ, ಟಾರ್ಗೆಟ್ ಅಂತಾರೆ’ ಎಂದಳು. ನಾವೆಲ್ಲ ಸೇರಿ ಒಂದು ಸೆಗ್ಮೆಂಟ್, ತಿಳಿಯಿತೇ?

ಅಲ್ಲಿ ಅವಳು ಕಲಿತ ಒಂದು ಲೆಕ್ಕ ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ವಾಣಿಜ್ಯ ಬ್ಯಾಂಕುಗಳು ಕೊಡುವ ಸಾಲದಲ್ಲಿ ನೂರಕ್ಕೆ 40 ಆದ್ಯತಾ ವಲಯಕ್ಕೆ ಹೋಗಬೇಕು. ಅದರಲ್ಲಿ ವ್ಯವಸಾಯಕ್ಕೆ 18, ಆ 18ರೊಳಗೆ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ 10. ಕೇಳಲು ಚೆನ್ನಾಗಿದೆ. ಆದರೆ ವ್ಯವಸಾಯದ ಸಾಲ ಎಂದರೆ ನೇಗಿಲು ಹಿಡಿದವನ ಸಾಲ ಮಾತ್ರ ಅಲ್ಲ. ಗೋದಾಮು, ಶೈತ್ಯಾಗಾರ ಕಟ್ಟುವವನಿಗೆ, ಆಹಾರ ಸಂಸ್ಕರಣೆಯ ಕಾರ್ಖಾನೆಯವನಿಗೆ 100 ಕೋಟಿ ರೂಪಾಯಿವರೆಗೆ ಕೊಟ್ಟ ಸಾಲವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಅಷ್ಟಾದರೂ ಗುರಿ ಮುಟ್ಟದ ಬ್ಯಾಂಕು ಉಳಿದ ಹಣವನ್ನು ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಗೆ ಕಟ್ಟಬೇಕಾಗುತ್ತದೆ. ಈ ದಾರಿ 1995-96ರಿಂದ ಇದೆ. 2016ರಿಂದ ಇನ್ನೊಂದು ದಾರಿ ಬಂತು: ಗುರಿಗಿಂತ ಹೆಚ್ಚು ಕೊಟ್ಟ ಬ್ಯಾಂಕಿನಿಂದ ಪ್ರಮಾಣಪತ್ರ ಕೊಂಡುಕೊಳ್ಳುವುದು. ಸಾಲವೂ ಕೈ ಬದಲಾಯಿಸುವುದಿಲ್ಲ, ರೈತನೂ ಬದಲಾಗುವುದಿಲ್ಲ, ಗುರಿ ಮಾತ್ರ ಮುಟ್ಟಿತು. ಒಬ್ಬ ಉಪವಾಸ ಮಾಡುವುದು, ಉಂಡವನು ಅದರ ಪುಣ್ಯವನ್ನು ದುಡ್ಡು ಕೊಟ್ಟು ಕೊಳ್ಳುವುದು!

ಉಳಿದ ಆರು ವಾರ ಅವಳೇ ಕೇಳಿಕೊಂಡು ನಮ್ಮ ತಾಲ್ಲೂಕಿನ ಶಾಖೆಗೆ ಬಂದಳು. ಅಲ್ಲಿ ಅವಳಿಗೆ ಕಂಡದ್ದು ಬೇರೆ. ಅಷ್ಟೊಂದು ಹಳ್ಳಿಗೆ ಒಬ್ಬರೇ ಕೃಷಿ ಅಧಿಕಾರಿ. ಮ್ಯಾನೇಜರು ಉತ್ತರದ ಕಡೆಯವರು, ಕನ್ನಡ ಬಾರದು. ಅವರು ಕೆಟ್ಟವರೇನೂ ಅಲ್ಲ ಎಂದು ಹುಡುಗಿ ಒತ್ತಿ ಹೇಳಿದಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಮೇಲಿನಿಂದ ಫೋನು: ಇವತ್ತು ಎಷ್ಟು ವಿಮೆ ಮಾಡಿಸಿದಿರಿ, ಎಷ್ಟು ಚಿನ್ನದ ಸಾಲ ಕೊಟ್ಟಿರಿ, ಎಷ್ಟು ಖಾತೆ ರಿನೀವಲ್ ಆಯಿತು? ಆ ಫೋನು ಬಂದಾಗ ಅವರ ಮುಖ ನಾವು ಅವರ ಮುಂದೆ ನಿಂತಾಗ ಇರುವ ಹಾಗೇ ಇರುತ್ತಿತ್ತಂತೆ. ನಮ್ಮನ್ನು ಗದರುವವನನ್ನು ಗದರುವವನು ಇನ್ನೊಬ್ಬ ಇದ್ದಾನೆ. ಇದನ್ನು ನಾವು ಮರೆಯಬಾರದು. ಹಾಗಂತ ಬೆಳೆ ಸಾಲ ಕೇಳಲು ಬಂದವನಿಗೆ, ಅವನು ಕೇಳದ ಜೀವ ವಿಮೆಗೂ ಸೇರಿಸಿ ಸಹಿ ಹಾಕಿಸಿಕೊಳ್ಳುವುದನ್ನು ಕ್ಷಮಿಸಲೂ ಬಾರದು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಬರೆಯಲು ನನಗೆ ನಾಚಿಕೆ ಇದೆ, ಆದರೂ ಬರೆಯಬೇಕು.

ಅವಳಿಗೆ ಕೊಟ್ಟ ಕೆಲಸ ಇದು: ಕಿಸಾನ್ ಕ್ರೆಡಿಟ್ ಕಾರ್ಡಿನ ಸಾಲವನ್ನು ಪ್ರತಿ ವರ್ಷ ತಪ್ಪದೆ ಕಟ್ಟುವ 40 ರೈತರನ್ನು ಕಂಡು, ಅವರು ಹೇಗೆ ಕಟ್ಟುತ್ತಾರೆ ಎಂದು ವರದಿ ಬರೆಯಬೇಕು. ಒಳ್ಳೆಯ ಖಾತೆಗಳ ಗುಟ್ಟು ಏನು ಎಂದು ಬ್ಯಾಂಕಿಗೆ ತಿಳಿಯಬೇಕಿತ್ತು. ಜೂನ್ ಮೊದಲ ವಾರ ಒಂದು ದಿನ ಅವಳು ಶಾಖೆಯ ಎದುರಿನ ಟೀ ಅಂಗಡಿಗೆ ಹೋದಳು. ಅಲ್ಲಿ ಬೆಂಚಿನ ಮೇಲೆ ಒಬ್ಬ ಮನುಷ್ಯನ ಹತ್ತಿರ ನೋಟು ಎಣಿಸಿಕೊಳ್ಳುತ್ತಾ ಕೂತಿದ್ದವನು ನಾನು.

ಈ ವ್ಯವಹಾರ ನಿಮಗೆ ಗೊತ್ತಿಲ್ಲದ್ದಲ್ಲ. ಗಡುವಿನೊಳಗೆ ಕಟ್ಟಿದರೆ ಬಡ್ಡಿ ರಿಯಾಯಿತಿ, ಕಟ್ಟದಿದ್ದರೆ ಸುಸ್ತಿದಾರ. ಕೈಯಲ್ಲಿ ದುಡ್ಡಿಲ್ಲ. ಆಗ ಬ್ಯಾಂಕಿನ ಬಾಗಿಲಲ್ಲೇ ಕೈಸಾಲ ಕೊಡುವವನು ಇರುತ್ತಾನೆ. ಅವನ ದುಡ್ಡು ತಂದು ಹಳೇದು ಕಟ್ಟುವುದು, ಎರಡು ಮೂರು ದಿನದಲ್ಲಿ ಹೊಸ ಸಾಲ ಖಾತೆಗೆ ಬಿದ್ದ ಕೂಡಲೇ ತೆಗೆದು ಅವನ ಕೈಗೆ ಹಾಕುವುದು. ನಾನು 2 ಲಕ್ಷ ತಂದೆ. ಮೂರು ದಿನಕ್ಕೆ ನೂರಕ್ಕೆ ಎರಡು ರೂಪಾಯಿ. 4,000 ಕೊಟ್ಟೆ.

ಸಂಜೆ ಮನೆಗೆ ಬಂದು ಹುಡುಗಿ ಕಾಗದ ತೆಗೆದು ಲೆಕ್ಕ ಹಾಕಿದಳು. 2 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 7ರಂತೆ ಬಡ್ಡಿ 14,000. ಸಕಾಲಕ್ಕೆ ಕಟ್ಟಿದ್ದಕ್ಕೆ ಶೇಕಡಾ 3 ರಿಯಾಯಿತಿ, ಅಂದರೆ 6,000 ವಾಪಸು. ಆ 6,000ದಲ್ಲಿ 4,000 ಟೀ ಅಂಗಡಿಯ ಬೆಂಚಿಗೆ ಹೋಯಿತು. ಸರ್ಕಾರ ರೈತನಿಗೆ ಎಂದು ಕೊಡುವ ರಿಯಾಯಿತಿಯ ಮೂರರಲ್ಲಿ ಎರಡು ಪಾಲು ಬಡ್ಡಿಯವನಿಗೆ ಸೇರಿತು. ಮೂರು ದಿನಕ್ಕೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ ನೂರಕ್ಕೆ 243 ಆಗುತ್ತದೆ ಎಂದಳು. ಮೂವತ್ತು ವರ್ಷ ವೇದಿಕೆ ಮೇಲೆ ನಿಂತು ಬಡ್ಡಿಯ ವಿರುದ್ಧ ಭಾಷಣ ಮಾಡಿದ ನಾನು ತಲೆ ತಗ್ಗಿಸಿ ಕೂತೆ.

ಅವಳು ಕಂಡ 40 ಜನರಲ್ಲಿ ಬೆಳೆ ಮಾರಿದ ದುಡ್ಡಿನಲ್ಲೇ ಪೂರ್ತಿ ಕಟ್ಟಿದವರು ಐದು ಜನ. ಉಳಿದವರು ಕೈಸಾಲ, ಹೆಂಡತಿಯ ಓಲೆ, ಸಂಘದ ಸಾಲ, ಮಗನ ಸಂಬಳ ಇವುಗಳಲ್ಲಿ ಒಂದರಿಂದ ಕಟ್ಟಿದವರು. ಬ್ಯಾಂಕಿನ ಪುಸ್ತಕದಲ್ಲಿ ಎಲ್ಲ 40 ಖಾತೆಯೂ ಒಳ್ಳೆಯ ಖಾತೆ. ಸಾಲ ತೀರಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರೆ ಬದಲಾಗಿದೆ ಅಷ್ಟೆ.

ಇದನ್ನು ಅವಳು ವರದಿಯಲ್ಲಿ ಒಂದು ಪುಟ ಬರೆದಳು. ಬೆಂಗಳೂರಿನಲ್ಲಿ ದೊಡ್ಡ ಅಧಿಕಾರಿಗಳಿಗೆ ತೋರಿಸುವ ಹಿಂದಿನ ದಿನ ಅವಳ ಮೇಲಿನವರು ಓದಿ, ‘ಬಹಳ ಚೆನ್ನಾಗಿದೆ ಕಣಮ್ಮ, ಈ ಒಂದು ಪುಟ ಬೇಡ. ವಸೂಲಿ ಚೆನ್ನಾಗಿದೆ ಅಂತ ತೋರಿಸೋಕೆ ಈ ವರದಿ’ ಎಂದರಂತೆ. ಅವಳು ತೆಗೆದಳು. ವರದಿಗೆ ಮೆಚ್ಚುಗೆ ಬಂತು, ಓದು ಮುಗಿದ ಮೇಲೆ ಕೆಲಸ ಕೊಡುತ್ತೇವೆ ಎಂಬ ಕಾಗದವೂ ಬಂತು. ಊರಿಗೆ ಬಂದ ರಾತ್ರಿ ಆ ಪುಟ ನನ್ನ ಕೈಗಿಟ್ಟು ಅತ್ತಳು. ‘ನಾನು ಹೆದರಿಬಿಟ್ಟೆ ಚಿಕ್ಕಪ್ಪ’ ಎಂದಳು. ನಾನೇನು ಹೇಳಲಿ? ಬೆಂಚಿನ ಮೇಲೆ ನೋಟು ಎಣಿಸಿಕೊಂಡು ಕೂತಿದ್ದವನೂ ಹೆದರಿದವನೇ ಅಲ್ಲವೇ? ಆ ಪುಟದ ಸಾರ ಈಗ ನಿಮ್ಮ ಕೈಯಲ್ಲಿದೆ.

ಆ ಕೆಲಸಕ್ಕೆ ಅವಳು ಹೋಗಬಾರದು ಎಂದು ನಮ್ಮ ಸಂಘದ ಕೆಲವು ಹಿರಿಯರು ಹೇಳಿದರು. ನಾನು ಹೋಗು ಎಂದಿದ್ದೇನೆ. ಬ್ಯಾಂಕು ಯಾರಪ್ಪನ ಮನೆಯದೂ ಅಲ್ಲ. 1969ರಲ್ಲಿ 14 ಬ್ಯಾಂಕು, 1980ರಲ್ಲಿ ಇನ್ನೂ 6 ರಾಷ್ಟ್ರೀಕರಣವಾದದ್ದು ಹಳ್ಳಿಗೆ ಸಾಲ ಮುಟ್ಟಲಿ ಎಂದು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿ ಮನೆ ಮನೆಯಿಂದ ಚಿಲ್ಲರೆ ಕಾಸು ಕೂಡಿಸಿ ಬೆಳೆಯಿತು. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ಸೇರಿ ಹೆಸರೂ ಹೋಯಿತು. ಬಡವರ ಕಾಸಿನಿಂದ ಬೆಳೆದ ಬ್ಯಾಂಕಿನಲ್ಲಿ ಬಡವರ ಮಕ್ಕಳು ಕೂರದಿದ್ದರೆ ಇನ್ಯಾರು ಕೂರಬೇಕು? ಆದರೆ ಮುಂದಿನ ಸಲ ಆ ಪುಟ ತೆಗೆಯಬೇಡ ಎಂದಿದ್ದೇನೆ. ಅವಳ ಬೆನ್ನಿಗೆ ನಿಲ್ಲುವುದು ನಮ್ಮ ಕೆಲಸ.

ಅವಳು ನಮಗಾಗಿ ಬರೆದು ತಂದ ಕೆಲವು ನಿಯಮಗಳನ್ನು ಹೇಳುತ್ತೇನೆ. ಗೋಡೆಗೆ ಅಂಟಿಸಿಕೊಳ್ಳಿ.

ಒಂದು: ಸಾಲದ ಅರ್ಜಿ ಕೊಟ್ಟರೆ ಸ್ವೀಕೃತಿ ಪತ್ರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೇಳಿ ಪಡೆಯಿರಿ. ‘ನಾಳೆ ಬಾ’ ಎಂಬುದು ಉತ್ತರವಲ್ಲ.

ಎರಡು: 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. ಮೊದಲು ಇದು 1 ಲಕ್ಷ 60 ಸಾವಿರವಿತ್ತು.

ಮೂರು: ಎಕರೆಗೆ ಯಾವ ಬೆಳೆಗೆ ಎಷ್ಟು ಸಾಲ ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿ ಮಾಡುತ್ತದೆ. ಆ ಪಟ್ಟಿ ಬ್ಯಾಂಕಿನಲ್ಲಿದೆ, ತೋರಿಸಿ ಎನ್ನಿ. ಅವಳು ಕಲಿತ ಲೆಕ್ಕದಲ್ಲಿ ಅದರ ಮೇಲೆ ಮನೆಖರ್ಚು ಮತ್ತು ಕೊಯ್ಲಿನ ನಂತರದ ಖರ್ಚಿಗೆ ನೂರಕ್ಕೆ 10, ಪಂಪ್‌ಸೆಟ್ ಮುಂತಾದವುಗಳ ದುರಸ್ತಿಗೆ ನೂರಕ್ಕೆ 20 ಸೇರುತ್ತದೆ. ನಿಮ್ಮ ಮಿತಿಗೆ ಇದು ಸೇರಿದೆಯೇ ನೋಡಿ.

ನಾಲ್ಕು: ಬೆಳೆ ವಿಮೆ 2020ರ ಮುಂಗಾರಿನಿಂದ ಸಾಲಗಾರ ರೈತನಿಗೂ ಐಚ್ಛಿಕ. ಬೇಡವಾದರೆ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬರೆದುಕೊಡಬೇಕು, ಸುಮ್ಮನಿದ್ದರೆ ಕಂತು ಕಡಿತವಾಗುತ್ತದೆ. ಬೆಳೆ ವಿಮೆ ಬೇಕೋ ಬೇಡವೋ ನಿಮ್ಮ ಹೊಲ ನೋಡಿ ತೀರ್ಮಾನಿಸಿ. ಆದರೆ ಜೀವ ವಿಮೆ, ಆರೋಗ್ಯ ವಿಮೆಯ ಕಾಗದಕ್ಕೆ ಓದದೆ ಹೆಬ್ಬೆಟ್ಟು ಒತ್ತಬೇಡಿ.

ಐದು: ಸಣ್ಣ ಮತ್ತು ಅತಿ ಸಣ್ಣ ರೈತರ, ಅಂದರೆ ಸುಮಾರು ಐದು ಎಕರೆಯೊಳಗಿನವರ, ಅಲ್ಪಾವಧಿ ಸಾಲದಲ್ಲಿ ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರುವಂತಿಲ್ಲ. 50 ಸಾವಿರ ಅಸಲಿಗೆ 50 ಸಾವಿರಕ್ಕಿಂತ ಹೆಚ್ಚು ಬಡ್ಡಿ ತೋರಿಸಿದ ನೋಟೀಸು ಬಂದಿದ್ದರೆ ಸಂಘಕ್ಕೆ ತನ್ನಿ.

ಇಷ್ಟೆಲ್ಲ ತಿಳಿದರೂ ಟೀ ಅಂಗಡಿಯ ಬೆಂಚು ಖಾಲಿಯಾಗುವುದಿಲ್ಲ. ಯಾಕೆಂದರೆ ರೋಗ ಸಾಲದ್ದಲ್ಲ, ಬೆಲೆಯದು. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಇದು ಕೈಯಿಂದ ಹಾಕಿದ ಖರ್ಚು ಮತ್ತು ಮನೆಯವರ ದುಡಿಮೆಯನ್ನು ಮಾತ್ರ ಹಿಡಿದು ಅದರ ಮೇಲೆ ಒಂದೂವರೆ ಪಟ್ಟು ಎಂದು ಕಟ್ಟಿದ ಬೆಲೆ. ನಮ್ಮ ಸ್ವಂತ ಭೂಮಿಯ ಗೇಣಿ, ಸ್ವಂತ ಸ್ಥಿರ ಬಂಡವಾಳದ ಬಡ್ಡಿ ಆ ಲೆಕ್ಕದಲ್ಲಿಲ್ಲ. ಸ್ವಾಮಿನಾಥನ್ ಅವರ ಆಯೋಗ 2006ರಲ್ಲೇ ಖರ್ಚಿನ ಮೇಲೆ ಕನಿಷ್ಠ ಶೇಕಡಾ 50 ಹೆಚ್ಚು ಕೊಡಿ ಎಂದಿತು. ಯಾವ ಖರ್ಚಿನ ಮೇಲೆ ಎಂಬ ಜಗಳ ಇನ್ನೂ ಮುಗಿದಿಲ್ಲ. ಆ ಬೆಂಬಲ ಬೆಲೆಯಾದರೂ ಖರೀದಿ ಕೇಂದ್ರ ತೆರೆಯುವ ಮೊದಲೇ ದಲ್ಲಾಳಿಗೆ ಮಾರಿಕೊಂಡವನಿಗೆ ಸಿಕ್ಕುವುದಿಲ್ಲ. ಪೂರ್ತಿ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ಬೆಲೆಗೆ ಮಾರಿ, ಬಡ್ಡಿ ಸಮೇತ ಸಾಲ ಕಟ್ಟು ಎಂದರೆ ಎಲ್ಲಿಂದ ತರೋಣ?

ಹುಡುಗಿಯ ಪ್ರಶ್ನೆಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ‘ಬೆಳೆ ಮಾರಿದ ದುಡ್ಡಿನಲ್ಲೇ ಬ್ಯಾಂಕಿನ ಸಾಲ ಪೂರ್ತಿ ತೀರಿಸಿದ್ದು ಕೊನೆಯ ಸಲ ಯಾವ ವರ್ಷ?’ ಅವಳು ನನ್ನನ್ನೂ ಕೇಳಿದಳು. ಬಹಳ ಹೊತ್ತು ಯೋಚಿಸಿದೆ. ಅಣ್ಣ ಬದುಕಿದ್ದ ಕಾಲ, ಒಂದು ವರ್ಷ ಕಬ್ಬಿನ ದುಡ್ಡು ಬೇಗ ಬಂದಿತ್ತು, ಆಗ ಎಂದೆ. ವರ್ಷ ನೆನಪಾಗಲಿಲ್ಲ.

ಓದುಗ ಬಂಧುಗಳೇ, ಈ ಪ್ರಶ್ನೆ ಈಗ ನಿಮಗೆ. ಮನೆಯಲ್ಲಿ ಪಾಸ್‌ಪುಸ್ತಕ ತೆಗೆಯಿರಿ, ಹೆಂಗಸರನ್ನೂ ಕೂರಿಸಿಕೊಳ್ಳಿ, ಅವರಿಗೆ ನಮಗಿಂತ ಚೆನ್ನಾಗಿ ನೆನಪಿರುತ್ತದೆ. ಆ ವರ್ಷವನ್ನೂ, ಈ ವರ್ಷ ಹೇಗೆ ಕಟ್ಟಿದಿರಿ ಎಂಬುದನ್ನೂ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಹೆಸರು ಬೇಡ, ಊರು ಸಾಕು. ನಾಚಿಕೆ ಬೇಡ, ನನ್ನ ಕಾರ್ಡು ಮೊದಲನೆಯದು. 40 ಜನರ ಒಂದು ಪುಟವನ್ನು ಸುಲಭವಾಗಿ ತೆಗೆದುಹಾಕಿದರು. ನಾಲ್ಕು ಸಾವಿರ ಕಾರ್ಡು ಬಂದರೆ ಅದನ್ನು ಹೊತ್ತುಕೊಂಡು ಜಿಲ್ಲಾ ಸಮಿತಿಯ ಮುಂದೆ ಹೋಗೋಣ. ಆಗ ಯಾವ ಪುಟ ತೆಗೆಯುತ್ತಾರೋ ನೋಡೋಣ.